ಮೊದಲ ಮಾತಿಗೇ ಹೂಂ ಎನ್ನುವ ಸಂಘ

ನಾನು ವಿದ್ಯಾರ್ಥಿ ಸಂಘದ ಅಧ್ಯಕ್ಷೆಯಾದದ್ದು ಬಸ್ಸಿನ ಗಡಿಬಿಡಿಯಲ್ಲಿ. ಆಗ ಹಾವೇರಿಯಲ್ಲಿ ಎಂ.ಎಸ್.ಡಬ್ಲ್ಯೂ ಎರಡನೆಯ ವರ್ಷ ಓದುತ್ತಿದ್ದೆ. ದಿನವೂ ಬ್ಯಾಡಗಿಯಿಂದ ಹೋಗಿ ಬರುವುದು. ಅಧ್ಯಕ್ಷರನ್ನು ಆರಿಸುವ ಸಭೆ ಮಧ್ಯಾಹ್ನದ ಊಟವಾದ ಮೇಲೆ ಶುರುವಾಯಿತು. ಅಭ್ಯರ್ಥಿಗಳು ಇಬ್ಬರೇ: ರಾಣೆಬೆನ್ನೂರಿನ ಒಬ್ಬ ಹುಡುಗ, ಗುತ್ತಲ ಕಡೆಯ ಒಬ್ಬ ಹುಡುಗಿ. ಬೇರೆ ವಿಭಾಗವಾಗಿದ್ದರೆ ಕೈ ಎತ್ತಿಸಿ ಐದು ನಿಮಿಷದಲ್ಲಿ ಮುಗಿಸುತ್ತಿದ್ದರು. ನಾವು ಸಮಾಜಕಾರ್ಯದವರು. ಸೋತವರ ಮನಸ್ಸಿಗೆ ನೋವಾಗಬಾರದು, ಗೆದ್ದವರಿಗೆ ಅಹಂಕಾರ ಬರಬಾರದು, ಎಲ್ಲರೂ ತಮ್ಮ ತಮ್ಮ ಭಾವನೆ ಹೇಳಿಕೊಂಡು ಒಮ್ಮತಕ್ಕೆ ಬರಬೇಕು.

ಹುಡುಗ ಎದ್ದು ಹುಡುಗಿಯೇ ಯೋಗ್ಯಳು ಎಂದ. ಹುಡುಗಿ ಎದ್ದು ಹುಡುಗನೇ ಯೋಗ್ಯ ಎಂದಳು. ಉಳಿದವರು ಇಬ್ಬರ ಮಾತಿನಲ್ಲೂ ತೂಕವಿದೆ ಎಂದು ತಲೆದೂಗಿದರು. ಹೊರಗೆ ಬಿಸಿಲು ಇಳಿಯುತ್ತಿತ್ತು, ಭಾವನೆಗಳು ಮುಗಿಯುವ ಹಾಗೆ ಕಾಣಲಿಲ್ಲ. ನನಗೆ ಮೊದಲೇ ಮೂಗಿನ ಮೇಲೆ ಸಿಟ್ಟು. ಎದ್ದು ನಿಂತು ಕೂಗಿದೆ: "ಯಾರರೆ ಒಬ್ರು ಆಗ್ರಲೇ, ನನ್ನ ಬಸ್ ಹೋಗಾಕತ್ತೈತಿ!"

ಎಲ್ಲರೂ ತಿರುಗಿ ನೋಡಿದರು. ಆಮೇಲೆ ಇಡೀ ತರಗತಿ ಒಟ್ಟಿಗೆ ಕೈ ಎತ್ತಿತು, ನನ್ನ ಕಡೆಗೆ. ಹುಡುಗ ಕಾರ್ಯದರ್ಶಿ, ಹುಡುಗಿ ಸಹಕಾರ್ಯದರ್ಶಿ. ಆ ಬಸ್ಸೂ ತಪ್ಪಿತು.

ಸಂಘದ ಕೆಲಸ ಎಂದರೆ ನಮ್ಮಲ್ಲಿ ಸಭೆ ಎಂದೇ ಅರ್ಥ. ಉದ್ಘಾಟನೆಗೆ ಬರುವ ಅತಿಥಿಗಳಿಗೆ ಏಲಕ್ಕಿ ಮಾಲೆ ಹಾಕಬೇಕೋ, ಪುಸ್ತಕ ಕೊಡಬೇಕೋ ಎಂಬುದಕ್ಕೇ ಒಂದು ವಾರ ಹಿಡಿಯಿತು. ಏಲಕ್ಕಿ ಮಾಲೆಗೇ ಹೆಸರಾದ ಹಾವೇರಿಯಲ್ಲಿ ಕುಳಿತು ಅದರ ಬಗ್ಗೆ ಚರ್ಚೆ ಮಾಡಿದವರು ನಾವೊಬ್ಬರೇ ಇರಬೇಕು. ಬೀದಿ ನಾಟಕಕ್ಕೆ ಕುಡುಕ ಗಂಡನ ಪಾತ್ರ ಮಾಡುವವರು ಸಿಗಲಿಲ್ಲ. ಯಾರಿಗೂ ಹೆಂಡತಿಯನ್ನು ಬೈಯಲು ಮನಸ್ಸು ಬರುತ್ತಿರಲಿಲ್ಲ. ಕೊನೆಗೆ ನಾನೇ ಮೀಸೆ ಅಂಟಿಸಿಕೊಂಡು ಬೈದೆ. ಜನ ಚಪ್ಪಾಳೆ ತಟ್ಟಿದ್ದಕ್ಕಿಂತ ಹೆಚ್ಚಾಗಿ ಹೆದರಿದರು ಎಂದು ಸಹಕಾರ್ಯದರ್ಶಿ ಆಮೇಲೆ ಹೇಳಿದಳು.

ಇಷ್ಟೆಲ್ಲ ನಗುತ್ತಲೇ ನಡೆಯಿತು. ನಗು ನಿಂತದ್ದು ಗ್ರಾಮೀಣ ಶಿಬಿರ ಬಂದಾಗ.

ಎಂ.ಎಸ್.ಡಬ್ಲ್ಯೂ ಓದುವವರು ಒಂದು ಹಳ್ಳಿಗೆ ಹೋಗಿ ಏಳು ದಿನ ಅಲ್ಲೇ ಉಳಿದು ಕೆಲಸ ಮಾಡಬೇಕು. ಶಿಬಿರ ತಪ್ಪಿದರೆ ಕ್ಷೇತ್ರಕಾರ್ಯದ ಅಂಕವಿಲ್ಲ, ಅಂಕವಿಲ್ಲದಿದ್ದರೆ ಆ ವರ್ಷ ಹೋದ ಹಾಗೆ. ಶಿಬಿರದ ಹೊಣೆ ಪೂರ್ತಿ ಸಂಘದ್ದು. ಗುತ್ತಲದಾಚೆ, ತುಂಗಭದ್ರೆಯ ದಂಡೆಯ ಒಂದು ಹಳ್ಳಿಯನ್ನು ನಾನೇ ನೋಡಿ ಬಂದೆ. ಶಾಲೆಯ ಕೋಣೆಗಳನ್ನು ಕೇಳಿದವಳು ನಾನು, ನೀರಿನ ವ್ಯವಸ್ಥೆ ಮಾಡಿಸಿದವಳು ನಾನು, ಊರ ಹಿರಿಯರ ಕೂಡ ಮಾತಾಡಿದವಳು ನಾನು. ಎಲ್ಲ ಮುಗಿಸಿ ಮನೆಗೆ ಬಂದು ಅವ್ವನಿಗೆ ಹೇಳಿದೆ. ಅವ್ವ ಅಪ್ಪನಿಗೆ ಹೇಳಿದಳು. ಅಪ್ಪ "ಆಗೂದಿಲ್ಲ" ಎಂದದ್ದನ್ನು ಅವ್ವ ತಂದು ನನಗೆ ಮುಟ್ಟಿಸಿದಳು. ನಮ್ಮ ಮನೆಯಲ್ಲಿ ಅಪ್ಪನವರೆಗೆ ಹೋಗುವ ಎಲ್ಲ ಮಾತೂ ಅವ್ವನ ದಾರಿಯಲ್ಲೇ ಹೋಗಿ ಅದೇ ದಾರಿಯಲ್ಲಿ ವಾಪಸ್ಸು ಬರುತ್ತಿತ್ತು. ಎರಡನೆಯ ಸಲ ಕೇಳುವ ರೂಢಿ ಇರಲಿಲ್ಲ.

ಶಿಬಿರ ಕಟ್ಟಿದ ಅಧ್ಯಕ್ಷೆಗೇ ಶಿಬಿರವಿಲ್ಲ! ಸಂಘ ತುರ್ತು ಸಭೆ ಸೇರಿತು. ಅಪ್ಪನನ್ನು ಒಪ್ಪಿಸಲು ನಮ್ಮ ಮನೆಗೆ ನಿಯೋಗ ಕಳಿಸುವುದೆಂದು ತೀರ್ಮಾನವಾಯಿತು. ಗೃಹಭೇಟಿ ಎಂದರೆ ನಮ್ಮವರಿಗೆ ಎಲ್ಲಿಲ್ಲದ ಉತ್ಸಾಹ. ಎರಡು ವರ್ಷ ಅದನ್ನೇ ಕಲಿತಿದ್ದರು: ಎದುರಿನವರನ್ನು ಅವರಿರುವಂತೆಯೇ ಒಪ್ಪಿಕೊಳ್ಳಬೇಕು, ತೀರ್ಪು ಕೊಡಬಾರದು, ಸಲಹೆ ಹೇರಬಾರದು, ಮೌನಕ್ಕೂ ಜಾಗ ಕೊಡಬೇಕು.

ಮೊದಲು ಬಂದವನು ಕಾರ್ಯದರ್ಶಿ, ಜೊತೆಗೆ ಇನ್ನಿಬ್ಬರು ಹುಡುಗರು. ಅಪ್ಪ ಕುರ್ಚಿ ಹಾಕಿಸಿದ, ಚಹಾ ತರಿಸಿದ. ನಾನು ಅಡಿಗೆಮನೆಯ ಬಾಗಿಲ ಹಿಂದೆ.

"ಹುಡುಗಿ ಏಳು ರಾತ್ರಿ ಹೊರಗ ಇರೂದು ನಮ್ಮ ಮನ್ಯಾಗ ಇಲ್ರಿ," ಎಂದ ಅಪ್ಪ.

"ನಿಮ್ಮ ಆತಂಕ ನನಗ ಅರ್ಥ ಆಗತೈತ್ರೀ ಕಾಕಾರ," ಎಂದ ಕಾರ್ಯದರ್ಶಿ.

ಅಪ್ಪ ಮುಂದಿನ ಮಾತಿಗೆ ಕಾದ. ಕಾರ್ಯದರ್ಶಿ ಮೌನಕ್ಕೆ ಜಾಗ ಕೊಟ್ಟ. ಅಪ್ಪ ಚಹಾ ಕುಡಿದು ಮುಗಿಸಿದ. ಇವರೂ ಮುಗಿಸಿದರು. ನಮಸ್ಕಾರ ಮಾಡಿ ಎದ್ದೇಬಿಟ್ಟರು. ಬಸ್ ನಿಲ್ದಾಣದವರೆಗೆ ಅವರ ಬೆನ್ನು ಹತ್ತಿ ಓಡಿದೆ. ಕಾರ್ಯದರ್ಶಿ ನನ್ನ ಮುಖ ನೋಡಿ ನಿಟ್ಟುಸಿರು ಬಿಟ್ಟ: "ಅವರ ಜಾಗಾದಾಗ ನಿಂತು ನೋಡಿದ್ರ, ನಿಮ್ಮ ಅಪ್ಪಾರು ಹೇಳೂದು ಖರೇ ಐತಿ ಬಿಡು."

ಕೈಯಲ್ಲಿ ಏನೂ ಇರಲಿಲ್ಲ, ಇದ್ದಿದ್ದರೆ ಎಸೆಯುತ್ತಿದ್ದೆ.

ಎರಡನೆಯ ನಿಯೋಗ ಹುಡುಗಿಯರದು. ಬಸ್ಸಿನಲ್ಲಿ ಆಧಾರ್ ತೋರಿಸಿದರೆ ಟಿಕೆಟ್ ಪುಕ್ಕಟೆಯಾದ್ದರಿಂದ ಅರ್ಧ ತರಗತಿಯೇ ಬಂದಿಳಿಯಿತು. ಅಪ್ಪ ಮನೆಯಲ್ಲಿ ಇರಲಿಲ್ಲ. ಅವ್ವನ ಮುಂದೆ ಕುಳಿತರು. ಸಹಕಾರ್ಯದರ್ಶಿ "ನೀವು ಹೆಂಗದೀರಿ ಅತ್ತಿ?" ಎಂದು ಕೇಳಿದಳು. ಅವ್ವನನ್ನು ಆ ಪ್ರಶ್ನೆ ಅಷ್ಟು ನಿಧಾನವಾಗಿ ಯಾರೂ ಕೇಳಿರಲಿಲ್ಲವೇನೋ. ಮೊಣಕಾಲು ನೋವಿನಿಂದ ಹಿಡಿದು, ತನ್ನ ಮದುವೆಯಲ್ಲಿ ತವರಿನವರನ್ನು ಊಟಕ್ಕೆ ತಡವಾಗಿ ಕರೆದದ್ದರವರೆಗೆ ಎಲ್ಲ ಹೇಳಿದಳು. ಹುಡುಗಿಯರು ಕಣ್ಣೊರೆಸಿಕೊಂಡು ಹೊರಬಂದರು, ಎಲ್ಲರ ಕೈಯಲ್ಲೂ ರೊಟ್ಟಿ, ಶೇಂಗಾ ಚಟ್ನಿಯ ಗಂಟು.

"ಕ್ಯಾಂಪಿಂದು ಏನಾತು?" ಎಂದೆ.

"ಅಯ್ಯ, ಅದನ್ನ ಕೇಳೂದ ಮರತ್ವಿ," ಎಂದಳು ಸಹಕಾರ್ಯದರ್ಶಿ. "ಆದ್ರ ನಿಮ್ಮವ್ವಗ ಭಾಳ ಹಗುರ ಆತು ನೋಡು."

ಅವ್ವ ಆ ವಾರವಿಡೀ ಹಾಡು ಗುನುಗುತ್ತ ಅಡಿಗೆ ಮಾಡಿದ್ದು ನಿಜ. ನನಗೆ ಮಾತ್ರ ರಾತ್ರಿ ಊಟ ಇಳಿಯುತ್ತಿರಲಿಲ್ಲ. ವರ್ಷ ಹೋಗುತ್ತದೆ ಎನ್ನುವುದು ಒಂದು. ನಾನು ನೋಡಿ ಬಂದ ಊರಿನಲ್ಲಿ, ನಾನು ಮಾತಾಡಿಸಿದ ಹೆಂಗಸರ ನಡುವೆ, ನಾನಿಲ್ಲದೆ ಎಲ್ಲ ನಡೆಯುತ್ತದಲ್ಲ, ಅದು ಹೆಚ್ಚು ಸುಡುತ್ತಿತ್ತು.

ಶಿಬಿರಕ್ಕೆ ಒಂದು ವಾರ ಇರುವಾಗ ಸಂಘದ ಕೊನೆಯ ಸಭೆ. ಕಾರ್ಯದರ್ಶಿ ಮುಖ ಅರಳಿಸಿಕೊಂಡು ದಾರಿ ಸಿಕ್ಕಿದೆ ಎಂದ. ಎಲ್ಲರ ಒಮ್ಮತದ ದಾರಿ.

"ಸಮಾರೋಪದ ದಿನ ನಿನ್ನ ಅತಿಥಿ ಅಂತ ಕರಸ್ತೀವಿ. ಮುಂಜಾನೆ ಬಂದು ಸಂಜಿಕ್ಕ ಹೋದ್ರಾತು. ಏಲಕ್ಕಿ ಮಾಲೀನೂ ಹಾಕ್ತೀವಿ."

ಆವತ್ತು ನಾನು ಆಡಿದ ಮಾತುಗಳನ್ನು ಇಲ್ಲಿ ಬರೆಯಲಾರೆ. ಅದಕ್ಕೂ ಆ ಪುಣ್ಯಾತ್ಮರು ತಲೆದೂಗಿದರು. "ನಿನ್ನ ಸಿಟ್ಟು ನಮಗ ಅರ್ಥ ಆಗತೈತಿ" ಎಂದರು. ಚೀಲ ಹೆಗಲಿಗೆ ಹಾಕಿಕೊಂಡು ಹೊರಟವಳು ಬ್ಯಾಡಗಿಯಲ್ಲಿ ಇಳಿದು ಮನೆಗೆ ಹೋಗಲಿಲ್ಲ. ನೇರ ಪೇಟೆಯಲ್ಲಿರುವ ಅಪ್ಪನ ಮೆಣಸಿನಕಾಯಿ ಅಂಗಡಿಗೆ ನಡೆದೆ.

ಅಂಗಡಿಯಲ್ಲಿ ಗಿರಾಕಿಗಳಿದ್ದರು. ಮೆಣಸಿನಕಾಯಿ ಚೀಲದ ಮೇಲೆ ಕುಳಿತು ಕಾದೆ. ಪ್ಯಾಂಟು ಶರ್ಟಿನ ಒಬ್ಬರು ದರ ಕೇಳಿದರು, ಅಪ್ಪ ಹೇಳಿದ, ಅವರು ಅಷ್ಟನ್ನೂ ಕೊಟ್ಟು ತೂಗಿಸಿಕೊಂಡು ಹೋದರು. ಅಪ್ಪನ ಮುಖ ಸಪ್ಪಗಿತ್ತು. ಅವರ ಹಿಂದೆಯೇ ವರ್ಷದ ಖಾರಕ್ಕೆಂದು ಮೆಣಸಿನಕಾಯಿ ಕೊಳ್ಳಲು ಒಬ್ಬ ಅಜ್ಜಿ ಬಂದಳು. ಕಾಯಿ ಮುರಿದು ನೋಡಿದಳು, ಮೂಗಿಗೆ ಹಿಡಿದಳು, ಬಣ್ಣ ಇಲ್ಲ ಎಂದಳು, ಅಪ್ಪ ಹೇಳಿದ ದರಕ್ಕೆ ನಕ್ಕುಬಿಟ್ಟಳು. "ಆಗೂದಿಲ್ಲ ಯವ್ವಾ" ಎಂದ ಅಪ್ಪ. ಅಜ್ಜಿ ಸೆರಗು ಕೊಡವಿ ಎದ್ದಳು. "ಬಾ, ಬಾ, ಕುಂದ್ರು" ಎಂದು ಅಪ್ಪನೇ ಕರೆದ. ಇಬ್ಬರೂ ಬಹಳ ಹೊತ್ತು ವಾದಿಸಿದರು. ಅಜ್ಜಿ ಅಂದುಕೊಂಡ ದರಕ್ಕೇ ಪಡೆದು ಹೋದಳು, ಕಡಿಮೆ ಬೆಲೆಗೆ ಮಾರಿದ ಅಪ್ಪನ ಮುಖ ಮಾತ್ರ ಹಬ್ಬದ ದಿನದ ಹಾಗೆ ಅರಳಿತ್ತು. "ಇಂಥಾ ಗಿರಾಕಿ ಬಂದ್ರ ಅಂಗಡಿ ತಗದದ್ದಕ್ಕ ಸಮಾಧಾನ," ಎಂದ ನನ್ನ ಕಡೆ ತಿರುಗಿ.

ಆಗ ನನ್ನ ತಲೆಗೆ ಹೊಳೆಯಿತು. ಈ ಮನುಷ್ಯನ ಮೊದಲ ಮಾತು ಯಾವತ್ತೂ ಕೊನೆಯ ಮಾತಲ್ಲ. ನಮ್ಮ ಸಂಘದವರು ಮಾತ್ರ ಹೇಳಿದ ದರಕ್ಕೇ ಕೊಂಡು ಬಂದಿದ್ದರು.

"ಅಪ್ಪಾ, ನಾ ಕ್ಯಾಂಪಿಗೆ ಹೋಗಬೇಕು."

"ಆಗೂದಿಲ್ಲ ಅಂತ ಹೇಳೇನಲ್ಲ."

"ಅದು ಮೊದಲಿನ ಮಾತು. ಈಗ ಕಡೀ ಮಾತು ಹೇಳು."

ಅಪ್ಪ ಕೈಯಲ್ಲಿದ್ದ ಕಾಯಿಗಳನ್ನು ಕೆಳಗಿಟ್ಟ. "ಮುಂಜಾನೆ ಹೋಗಿ ಸಂಜಿಕ್ಕ ಬಾ."

"ಬಸ್ಸಿನ್ಯಾಗ ಹೋಗಿ ಬರೂದ್ರಾಗ ಕ್ಯಾಂಪ ಮುಗೀತೈತಿ. ಏಳು ದಿನ."

"ಎರಡು."

"ಏಳು."

"ಮೂರು. ಗುತ್ತಲದಾಗ ನಿಮ್ಮ ಅತ್ತಿ ಅದಾಳು. ರಾತ್ರಿ ಅಲ್ಲಿ ಮಲಗು."

"ಅದು ಅತ್ತಿ ಮನಿ ಕ್ಯಾಂಪ ಆಗತೈತಿ, ಅಪ್ಪಾ. ನಾ ಅಧ್ಯಕ್ಷಿ ಅದೇನಿ. ಅತ್ತಿ ಮನ್ಯಾಗ ಕುಂತು ಯಾರಿಗಿ ಅಧ್ಯಕ್ಷಿ ಆಗ್ಲಿ?"

"ಹಂಗಾರ ಬ್ಯಾಡ ಬಿಡು."

ನಾನು ಸೆರಗಿಲ್ಲದಿದ್ದರೂ ದುಪಟ್ಟಾ ಕೊಡವಿ ಎದ್ದೆ. ಅಂಗಡಿಯ ಮೆಟ್ಟಿಲು ಇಳಿದೆ. ಕರೆಯುತ್ತಾನೆ ಎಂದುಕೊಂಡಿದ್ದೆ, ಕರೆಯಲಿಲ್ಲ. ಪಕ್ಕದ ಅಂಗಡಿ ದಾಟಿದೆ. ಅಜ್ಜಿಗಾದರೆ ಪೇಟೆಯ ತುಂಬ ಬೇರೆ ಅಂಗಡಿಗಳಿದ್ದವು, ನನಗೆ ಇದ್ದದ್ದು ಒಬ್ಬನೇ ಅಪ್ಪ. ಹಿಂದಿರುಗಿ ನೋಡಿದರೆ ಅತ್ತುಬಿಡುತ್ತೇನೆ ಎಂದು ಹೆದರಿ, ನೋಡದೆಯೇ ನಡೆಯುತ್ತಿದ್ದೆ.

"ಏ ಹುಡುಗಿ! ಬಾ ಇಲ್ಲಿ."

ಬಂದು ಕುಳಿತೆ. ಅಪ್ಪ ಈಗ ವ್ಯಾಪಾರದ ದನಿ ಬಿಟ್ಟಿದ್ದ. "ನಿನ್ನ ಗೆಳ್ಯಾರು ಬಂದ್ರು. ನಾ ಇಲ್ಲ ಅಂದೆ, ಹೂಂ ಅಂದು ಚಾ ಕುಡದು ಹೋದ್ರು. ಮೊದಲ ಮಾತಿಗೇ ಹೂಂ ಅನ್ನೋ ಮಂದಿ ಕೂಡ ಮಗಳನ್ನ ಹೆಂಗ ಕಳಸ್ಲಿ? ಅಲ್ಲಿ ರಾತ್ರಿ ಯಾರರೆ ಕುಡದು ಬಂದು ಬಾಗಲಾ ಬಡದ್ರ, ನಿಮ್ಮ ಆತಂಕ ಅರ್ಥ ಆಗತೈತಿ ಅಂತ ಒಳಗ ಕರೀತಾರೇನ?"

ಎಷ್ಟು ತಡೆದರೂ ನಗು ತಡೆಯಲಾಗಲಿಲ್ಲ. ಯಾಕೆಂದರೆ ಕರೆಯುತ್ತಿದ್ದರು, ಅದರಲ್ಲಿ ಅನುಮಾನವೇ ಇಲ್ಲ, ಚಹಾನೂ ಕೊಡುತ್ತಿದ್ದರು.

"ಅವ್ರು ಹಂಗ ಅದಾರು ಅಪ್ಪಾ. ಆದ್ರ ನಾ ಹಂಗಿಲ್ಲಲ್ಲ?"

ಅಪ್ಪ ಕೆಳಗಿಟ್ಟಿದ್ದ ಕಾಯಿಗಳನ್ನು ಮತ್ತೆ ಕೈಗೆತ್ತಿಕೊಂಡ. "ಇಲ್ಲ," ಎಂದ. "ನೀ ಹಂಗಿಲ್ಲ."

ಏಳು ದಿನಕ್ಕೆ ಮಾತು ಮುಗಿಯಿತು. ದಿನಾ ಸಂಜೆ ಫೋನ್ ಮಾಡಬೇಕು ಎಂದ. ದಿನ ಬಿಟ್ಟು ದಿನಕ್ಕೆ ಇಳಿಸಿದೆ. ಮನೆಗೆ ಕುಣಿಯುತ್ತ ಹೋದೆ.

ಮಲಗುವಾಗ ನೆನಪಾಯಿತು: ಶಿಬಿರದ ಕೋಣೆ ಸ್ವಚ್ಛ ಮಾಡಿಸಲು, ಒಲೆ ಹೂಡಿಸಲು ಪದಾಧಿಕಾರಿಗಳು ಒಂದು ದಿನ ಮೊದಲೇ ಹೋಗಬೇಕು. ಅದನ್ನು ಅಪ್ಪನಿಗೆ ಹೇಳಿರಲೇ ಇಲ್ಲ. ಈಗ ಹೇಳುವ ಹಾಗೂ ಇರಲಿಲ್ಲ. ಪೇಟೆಯಲ್ಲಿ ಮುಗಿದ ಮಾತನ್ನು ಮತ್ತೆ ಎತ್ತಿದವರನ್ನು ಅಪ್ಪ ಅಂಗಡಿಯ ಹತ್ತಿರ ಬಿಟ್ಟುಕೊಳ್ಳುತ್ತಿರಲಿಲ್ಲ. ಆ ಹಿಂದಿನ ದಿನದ ಕೆಲಸ ಕಾರ್ಯದರ್ಶಿಗೆ ಒಪ್ಪಿಸಿದೆ. ಅವನು ಎಂದಿನಂತೆ ಹೂಂ ಎಂದ, ಅದಕ್ಕೇ ಚಿಂತೆ ಹೆಚ್ಚಾಯಿತು.

ಶಿಬಿರದ ಹಿಂದಿನ ದಿನ ಬೆಳಿಗ್ಗೆ ಅಪ್ಪ ನನ್ನ ಚೀಲವನ್ನು ಕೈಯಲ್ಲಿ ಹಿಡಿದು ಬಾಗಿಲಲ್ಲಿ ನಿಂತಿದ್ದ.

"ಲಗೂ ಏಳು. ಬಸ್ಸಿಗೆ ಹೊತ್ತಾತು."

"ನಾಳೆ ಐತಿ ಅಪ್ಪಾ."

"ಅಧ್ಯಕ್ಷರು ಒಂದಿನ ಮೊದಲ ಹೋಗಬೇಕಂತಲ್ಲ? ನಿಮ್ಮ ಕಾರ್ಯದರ್ಶಿ, ಆ ರಾಣೆಬೆನ್ನೂರ ಹುಡುಗ, ನಿನ್ನೆ ಅಂಗಡಿಗೆ ಬಂದಿದ್ದ. ಈ ಸಲ ಹೂಂ ಅನ್ನಲಿಲ್ಲ. ಜಗಳಾ ಆಡಿ ಹೋದ."

ಹಾಸಿಗೆಯಿಂದ ಎದ್ದು ಕುಳಿತೆ. "ಆದ್ರ ಮಾತು ಏಳಕ್ಕ ಮುಗದಿತ್ತಲ್ಲ ಅಪ್ಪಾ?"

"ಮುಗದೈತಿ." ಅಪ್ಪ ಚೀಲವನ್ನು ಹೆಗಲಿಗೆ ಹಾಕಿಕೊಂಡು ಅಂಗಳಕ್ಕಿಳಿದ. "ಇದು ಕೊಸರು."

ತೂಕ ಮುಗಿದ ಮೇಲೆ ಮೆಚ್ಚಿದ ಗಿರಾಕಿಯ ಚೀಲಕ್ಕೆ ಅಪ್ಪ ಸುಮ್ಮನೆ ಒಂದು ಹಿಡಿ ಹಾಕುವುದನ್ನು ಚಿಕ್ಕವಳಿದ್ದಾಗಿನಿಂದ ನೋಡಿದ್ದೆ. ಅದಕ್ಕೆ ಯಾರೂ ಚೌಕಾಸಿ ಮಾಡುವುದಿಲ್ಲ. ನಾನೂ ಮಾಡಲಿಲ್ಲ. ಬಸ್ಸು ಮೋಟೆಬೆನ್ನೂರು ದಾಟುವವರೆಗೆ ಕಿಟಕಿಯ ಕಡೆ ಮುಖ ಮಾಡಿಕೊಂಡು ಅತ್ತೆ.