ಮರೀನಾದಲ್ಲಿ ಚಿಕ್ಕಪ್ಪ ಕಣ್ಣು ಬಿಟ್ಟ ಬೆಳಗು

ಮಂಗಳೂರಿನಿಂದ ಸಂಜೆ ಹೊರಟ ರೈಲು ಮರುದಿನ ಬೆಳಿಗ್ಗೆ ನನ್ನನ್ನು ಚೆನ್ನೈ ಸೆಂಟ್ರಲ್‌ನಲ್ಲಿ ಇಳಿಸಿತು. ಬೆನ್ನಿಗೆ ಕ್ಯಾಮೆರಾ ಚೀಲ, ಕಂಕುಳಲ್ಲಿ ಫ್ಲ್ಯಾಶಿನ ಬಿಳಿ ಕೊಡೆ. ಆಟೋದವನು ತ್ರಿಪ್ಲಿಕೇನ್‌ಗೆ ಇನ್ನೂರು ಕೇಳಿ ನೂರೈವತ್ತಕ್ಕೆ ಒಪ್ಪಿದ.

ಬಂದದ್ದು ಚಿಕ್ಕಪ್ಪನ ಫೋಟೊ ತೆಗೆಯಲು. ಕುಂದಾಪುರದಿಂದ ಬಂದು ಇಲ್ಲಿನ ಹೋಟೆಲೊಂದರ ಅಡುಗೆಮನೆ ಸೇರಿದ ಅವರಿಗೆ ಈಗ ಅರವತ್ತರ ಶಾಂತಿ. ಆಮಂತ್ರಣ ಪತ್ರಿಕೆ ನಾಳೆ ಅಚ್ಚಿಗೆ ಹೋಗಬೇಕು. ತೊಂದರೆಯೆಂದರೆ, ನಮ್ಮ ಮನೆಯ ಯಾವ ಮದುವೆಯ ಆಲ್ಬಮ್ ತೆರೆದರೂ ಚಿಕ್ಕಪ್ಪನ ಕಣ್ಣು ಮುಚ್ಚಿರುತ್ತದೆ.

"ಪತ್ರಿಕೆಯಂಗೂ ಇವ್ರ್ ನಿದ್ದಿ ಮಾಡ್ತಾ ಇದ್ರೆ ಜನ ಎಂತ ಹೇಳ್ತ್ರ್?" ಎಂದರು ಚಿಕ್ಕಮ್ಮ.

ಸಂಜೆ ತಾರಸಿಯ ಮೇಲೆ ಫ್ಲ್ಯಾಶನ್ನು ಪಕ್ಕದಲ್ಲಿ ಸ್ಟ್ಯಾಂಡಿಗೆ ಏರಿಸಿ, ಆಟೊ ಮೋಡ್‌ನಲ್ಲೇ ತೆಗೆದೆ. ಎಷ್ಟು ತೆಗೆದರೂ ಕಣ್ಣು ಮುಚ್ಚಿಯೇ ಇತ್ತು. ಚಿಕ್ಕಪ್ಪ ಬೆವರು ಒರೆಸಿಕೊಂಡು ಕುರ್ಚಿ ಬಿಟ್ಟೆದ್ದರು. "ನಂಗೆ ಬತ್ತಿಲ್ಲೆ ಮಾರಾಯ್ತಿ. ಪಟ ಇಲ್ದೇ ಅಚ್ಚು ಹಾಕ್ಸುವ."

ಊಟಕ್ಕೆ ನೀರುದೋಸೆಯ ಜೊತೆ ತಮಿಳರ ಕೂಟು. ಎರಡನೆಯ ದೋಸೆ ತಿನ್ನುವಾಗ ಥಟ್ಟನೆ ಹೊಳೆಯಿತು. ಆಟೊ ಮೋಡ್‌ನಲ್ಲಿ ಫ್ಲ್ಯಾಶ್ ಬೆಳಕನ್ನು ಅಳೆಯಲು ಮೊದಲೊಂದು ಸಣ್ಣ ಮಿಂಚು ಹೊಡೆಯುತ್ತದೆ. ಚಿಕ್ಕಪ್ಪನ ರೆಪ್ಪೆ ಅದಕ್ಕೇ ಮುಚ್ಚುತ್ತಿತ್ತು. ನಿಜವಾದ ಮಿಂಚು ಬರುವಾಗ ಕಣ್ಣು ಮುಚ್ಚಿಯೇ ಆಗಿರುತ್ತಿತ್ತು. ಮ್ಯಾನ್ಯುವಲ್‌ನಲ್ಲಾದರೆ ಆ ಮೊದಲ ಮಿಂಚೇ ಇಲ್ಲ! ಆದರೆ ಬೆಳಕಿನ ಪ್ರಮಾಣವನ್ನು ನಾನೇ ಹೊಂದಿಸಬೇಕು. ಬಯಲಿನಲ್ಲಿ ಅದನ್ನು ನಾನೆಂದೂ ಮಾಡಿರಲಿಲ್ಲ.

"ಚಿಕ್ಕಪ್ಪ, ನಾಳೆ ಬೆಳಿಗ್ಗೆ ಸೂರ್ಯ ಹುಟ್ಟುವಾಗ ಮರೀನಾಕ್ಕೆ ಹೋಪ. ಒಂದೇ ಒಂದು ಸಲ."

"ಕಾಂಬ," ಎಂದು ಒಪ್ಪಿದರು, ನನ್ನ ಮೇಲಿನ ಮಮತೆಗೆ.

ಬೆಳಗಿನ ಜಾವ ಮೂವರೂ ನಡೆದೇ ಹೋದೆವು. ನಮ್ಮೂರಲ್ಲಿ ಸೂರ್ಯ ಕಡಲಿಗೆ ಇಳಿಯುತ್ತಾನೆ. ಇಲ್ಲಿ ಕಡಲಿನಿಂದ ಏಳುತ್ತಾನೆ. ನೀರಿಗೆ ಬೆನ್ನು ಮಾಡಿ ನಿಂತ ಚಿಕ್ಕಪ್ಪನ ಹಿಂದೆ ಆಕಾಶ ಕೆಂಪೇರುತ್ತಿತ್ತು, ಮುಖ ಮಾತ್ರ ಕಪ್ಪು. ಗಾಳಿಗೆ ಕೊಡೆ ಹಾರೀತೆಂದು ಚಿಕ್ಕಮ್ಮ ಸ್ಟ್ಯಾಂಡನ್ನು ತಬ್ಬಿ ಹಿಡಿದರು. ಮೊದಲು ಆಕಾಶದ ಬಣ್ಣ ಉಳಿಯುವಂತೆ ಕ್ಯಾಮೆರಾ ಹೊಂದಿಸಿದೆ. ಆಮೇಲೆ ಫ್ಲ್ಯಾಶ್ ಹೊಡೆದೆ. ಮುಖ ಇಡ್ಲಿಯ ಹಾಗೆ ಬೆಳ್ಳಗಾಯಿತು. ಬೆಳಕನ್ನು ಅರ್ಧಕ್ಕಿಳಿಸಿದೆ, ಮತ್ತೆ ಅರ್ಧಕ್ಕೆ. ಸೂರ್ಯನ ಅಂಚು ನೀರಿನಿಂದ ಮೇಲೆದ್ದಿತು.

"ಸೀಕ್ರಂ, ಮಗಾ, ಸೀಕ್ರಂ!" ಚಿಕ್ಕಮ್ಮ ಅವಸರಪಡಿಸಿದರು. ಅವಸರ ಬಂದರೆ ಅವರ ಬಾಯಲ್ಲಿ ತಮಿಳೇ.

ಒತ್ತಿದೆ. ಪರದೆಯ ಮೇಲೆ ಚಿಕ್ಕಪ್ಪ ನನ್ನನ್ನೇ ನೋಡುತ್ತಿದ್ದರು. ಕಣ್ಣು ಎರಡೂ ತೆರೆದಿದ್ದವು. ಒಂದೊಂದರಲ್ಲೂ ಕೊಡೆಯ ಪುಟ್ಟ ಬಿಳಿ ಚುಕ್ಕೆ.

"ಬಂತು! ಬಂತು!" ಎಂದು ಮರಳಿನಲ್ಲಿ ಕುಣಿದೇಬಿಟ್ಟೆ. ನೋಡಲು ಓಡಿಬಂದ ಚಿಕ್ಕಮ್ಮ ಸ್ಟ್ಯಾಂಡ್ ಬಿಟ್ಟರು. ಉರುಳಿ ಹೊರಟ ಕೊಡೆಯನ್ನು ವಾಯುವಿಹಾರದವರೊಬ್ಬರು ನಗುತ್ತ ಹಿಡಿದುಕೊಟ್ಟರು. ಚಿಕ್ಕಪ್ಪ ಪರದೆಯನ್ನು ಮುಖದ ಹತ್ತಿರ ತಂದು ಬಹಳ ಹೊತ್ತು ನೋಡಿದರು.

"ಕಾಣ್," ಎಂದರು ಹೆಂಡತಿಗೆ ಮೆಲ್ಲಗೆ, "ನಾನ್ ನಮ್ಮಪ್ಪಯ್ಯನ ಹಾಂಗೇ ಇದ್ದೆ."

ಚಿಕ್ಕಮ್ಮ ಸೆರಗಿನಿಂದ ಪರದೆ ಒರೆಸಿದರು, ಆಮೇಲೆ ಕಣ್ಣು.

ಮಧ್ಯಾಹ್ನ ಫೋಟೊ ಅಚ್ಚಿಗೆ ಹೋಯಿತು. ಸಂಜೆ ಸೆಂಟ್ರಲ್‌ನಲ್ಲಿ ರೈಲು ಅಲುಗಿದಾಗ ಚಿಕ್ಕಪ್ಪ ಕಿಟಕಿಯ ಜೊತೆಗೇ ನಡೆಯುತ್ತ ಬಂದರು. "ಮುಂದಿನ ಸಲ ಹೋಟ್ಲಿಗೇ ಬಾ ಹೆಣ್ಣೇ! ಅಡುಗೆಮನೆಯವ್ರನ್ನೆಲ್ಲ ಸಾಲಾಗಿ ನಿಲ್ಲಿಸ್ತೆ. ನಾನ್ ಮಧ್ಯದಂಗೆ ನಿಲ್ತೆ!"