ಅಧ್ಯಕ್ಷವ್ವನ ರೊಟ್ಟಿ ಸಾಲು

ಮೊನ್ನೆ ಮಾನ್ವಿ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಹೋಗುತ್ತಿದ್ದಾಗ ಯಾರದೋ ಮನೆಯೊಳಗಿಂದ ಜೋಳದ ರೊಟ್ಟಿ ಸುಡುವ ವಾಸನೆ ಬಂತು. ಕಾದ ಹಂಚು, ತುಸು ಕರಕಾದ ಅಂಚು... ನಿಂತುಬಿಟ್ಟೆ. ದೇವದುರ್ಗ ತಾಲ್ಲೂಕಿನ ಆ ಹಳ್ಳಿ ಶಾಲೆ, ಬೇವಿನ ಮರದ ಕೆಳಗೆ ಕೂತು ರೊಟ್ಟಿ ಬಡಿಯುತ್ತಿದ್ದ ಅಧ್ಯಕ್ಷವ್ವ, ಎಲ್ಲ ಒಮ್ಮೆಲೇ ಕಣ್ಣಮುಂದೆ ಬಂದವು.

ಅವರು ನಮ್ಮ ಶಾಲೆಯ ಪಾಲಕರ ಸಮಿತಿಗೆ ಅಧ್ಯಕ್ಷರಾಗಿದ್ದರು. ಊರೆಲ್ಲ ಅಧ್ಯಕ್ಷವ್ವ ಅನ್ನುತ್ತಿತ್ತು. ಕೆಲವರು ಪ್ರೀತಿಯಿಂದ, ಕೆಲವರು ಚೇಷ್ಟೆಗೆ. ಊರ ಹೊರಗಿನ ಕೇರಿಯವರು. ಹತ್ತಿ ಬಿಡಿಸುವ ಕೂಲಿಗೆ ಹೋಗುತ್ತಿದ್ದರು. ಮನೆಯ ಗೋಡೆಯ ಮೇಲೆ ಬುದ್ಧನ ಫೋಟೊ ಇತ್ತು. ನಾನಾಗ ರಾಯಚೂರಿನಿಂದ ದಿನಾ ಬಸ್ಸಿನಲ್ಲಿ ಹೋಗಿಬರುತ್ತಿದ್ದ ಹೊಸ ಟೀಚರ್.

ಶಾಲೆಗೆ ಸಂಡಾಸು ಕಟ್ಟಿಸಿದ್ದರು, ನೀರಿರಲಿಲ್ಲ. ಅದಕ್ಕೇ ಬಾಗಿಲಿಗೆ ಬೀಗ. ದೊಡ್ಡ ಹುಡುಗಿಯರು ಮಧ್ಯಾಹ್ನ ಮನೆಗೆ ಹೋದರೆ ತಿರುಗಿ ಬರುತ್ತಿರಲಿಲ್ಲ. ಆಮೇಲಾಮೇಲೆ ಕೆಲವರು ಶಾಲೆಯನ್ನೇ ಬಿಟ್ಟರು.

ಟ್ಯಾಂಕು, ಪೈಪು ಹಾಕಿಸಬೇಕೆಂದು ಸಮಿತಿ ಕೂಡಿತು. ಮನೆಮನೆಗೂ ಇಷ್ಟಿಷ್ಟು ದುಡ್ಡೆಂದು ಪಟ್ಟಿ ಹಾಕೋಣ ಎಂದರು ಒಬ್ಬರು. ಸಾಹುಕಾರರನ್ನು ಕೇಳಿ, ಗೋಡೆಯ ಮೇಲೆ ಅವರ ಹೆಸರು ಬರೆಸೋಣ ಎಂದರು ಇನ್ನೊಬ್ಬರು. ಅಧ್ಯಕ್ಷವ್ವ ಎರಡಕ್ಕೂ ಒಪ್ಪಲಿಲ್ಲ. ಪಟ್ಟಿ ಹಾಕಿದರೆ ಕೊಡಲಾರದವರು ನಾಚಿಕೊಂಡು ಮಕ್ಕಳನ್ನೇ ಕಳಿಸುವುದಿಲ್ಲ, ಸಾಹುಕಾರರು ಕೊಟ್ಟರೆ ನಾಳೆ ಅವರು ಹೇಳಿದಂತೆ ಶಾಲೆ ನಡೆಯಬೇಕಾಗುತ್ತದೆ ಎಂದರು. ಕೈಲಾದವರು ಕೈಲಾದಷ್ಟು ಜೋಳ ಕೊಡಲಿ, ಭಾನುವಾರ ತಾಯಂದಿರೆಲ್ಲ ಸೇರಿ ಬಹಳ ದಿನ ಕೆಡದ ಕಟಕ ರೊಟ್ಟಿ ಮಾಡೋಣ, ರಾಯಚೂರಿಗೆ ಒಯ್ದು ಮಾರೋಣ. ಅಷ್ಟೇ ಅವರ ಉಪಾಯ.

ಮೊದಲ ಭಾನುವಾರ ಶಾಲೆಯ ಬೇವಿನ ಮರದ ಕೆಳಗೆ ಸೇರಿದಾಗ ಮೇಲಿನ ಓಣಿಯ ಹೆಂಗಸರು ತಮ್ಮ ಒಲೆಗಳನ್ನು ದೂರ ಹೂಡಿಕೊಂಡರು. ಅವರಲ್ಲಿ ಹಿರಿಯಾಕೆಯೊಬ್ಬರು, ಹಿಟ್ಟು ನಾವು ನಾದುತ್ತೇವೆ, ಅಧ್ಯಕ್ಷವ್ವ ಕಟ್ಟಿಗೆ ಆರಿಸಿಕೊಟ್ಟರೆ ಸಾಕು ಎಂದು ನನಗೆ ಹೇಳಿದರು. ಅಧ್ಯಕ್ಷವ್ವನಿಗೂ ಕೇಳಿಸುವಂತೆಯೇ ಹೇಳಿದರು.

"ನಮ್ಮ ಮಕ್ಕಳು ದಿನಾ ಬಿಸಿಯೂಟಕ್ಕ ಒಂದ ಸಾಲಿನ್ಯಾಗ ಕುಂತು ಉಣ್ಣಾಕತ್ತಾವ," ಎಂದರು ಅಧ್ಯಕ್ಷವ್ವ, ದನಿ ಏರಿಸದೆ. "ನಾವೂ ಒಂದ ಸಾಲಿನ್ಯಾಗ ಕುಂತು ಬಡಿಯೂಣು. ಒಲ್ಲದವರು ಮನಿಗೆ ಹೋಗ್ರಿ, ನನಗ ಸಿಟ್ಟಿಲ್ಲ. ನೀರು ಬಂದ ಮ್ಯಾಲ ನಿಮ್ಮ ಹುಡುಗ್ಯಾರಿಗೂ ಬಾಗಲಾ ತೆರದ ಇರ್ತದ."

ಹಿರಿಯಾಕೆ ಎದ್ದು ಹೋದರು, ಅವರ ಹಿಂದೆ ಇನ್ನೂ ಕೆಲವರು. ಉಳಿದವರು ಒಲೆಗಳನ್ನು ಹತ್ತಿರ ಎಳೆದುಕೊಂಡರು. ಅಧ್ಯಕ್ಷವ್ವ ಮರದ ಕೊಣಮಿಗೆಯ ಮುಂದೆ ಕೂತು ಅದರಲ್ಲಿ ಹಿಟ್ಟು ನಾದತೊಡಗಿದರು.

ಮುಂದಿನ ಭಾನುವಾರ ನಾನು ಹೋಗುವಷ್ಟರಲ್ಲಿ ಆ ಹಿರಿಯಾಕೆ ತಮ್ಮ ಮನೆಯ ಹಂಚು ಹೊತ್ತುಕೊಂಡು ಬಂದಿದ್ದರು. ಅಧ್ಯಕ್ಷವ್ವನ ಪಕ್ಕದಲ್ಲೇ ಕೂತರು. ಅಧ್ಯಕ್ಷವ್ವ ತಾವು ನಾದಿದ ಹಿಟ್ಟನ್ನು ಇಬ್ಬರ ನಡುವೆ ಸರಿಸಿದರು... ಆಕೆ ಅದರಲ್ಲಿ ಒಂದು ಉಂಡೆ ಮುರಿದುಕೊಂಡರು.

ರೊಟ್ಟಿಯ ಬುಟ್ಟಿ ಹೊತ್ತು ನಾವಿಬ್ಬರೂ ರಾಯಚೂರಿನ ನೌಕರರ ಕಾಲೊನಿಯಲ್ಲಿ ತಿರುಗುತ್ತಿದ್ದೆವು. ಒಂದು ಮನೆಯ ಯಜಮಾನರು ರೊಟ್ಟಿ ಕೈಯಲ್ಲಿ ಹಿಡಿದು, ಯಾವ ಮಂದಿ ಮಾಡಿದ್ದು ಎಂದು ಕೇಳಿದರು.

"ನಮ್ಮ ಸಾಲಿ ಮಕ್ಕಳ ತಾಯಂದ್ರು ಮಾಡ್ಯಾರ್ರಿ," ಎಂದರು ಅಧ್ಯಕ್ಷವ್ವ, ಅವರ ಮುಖವನ್ನೇ ನೋಡುತ್ತ. ಯಜಮಾನರು ರೊಟ್ಟಿ ವಾಪಸಿಟ್ಟು ಒಳಗೆ ಹೋದರು. ಪಕ್ಕದ ಮನೆಯ ತಾಯಿ ಬಾಗಿಲಲ್ಲೇ ನಿಂತು ಎಲ್ಲ ಕೇಳಿಸಿಕೊಂಡಿದ್ದರು. ಬುಟ್ಟಿ ಇಳಿಸಿಕೊಂಡು ರೊಟ್ಟಿ ಕೊಂಡರು. ಮುಂದೆ ವಾರವಾರವೂ ನಮ್ಮ ದಾರಿ ಕಾಯುತ್ತಿದ್ದರು.

ಬೇಸಿಗೆಗೆ ಮೊದಲೇ ಟ್ಯಾಂಕು ಕೂತಿತು. ನಳ ತೆರೆಯಲು ದೊಡ್ಡವರನ್ನು ಯಾರನ್ನಾದರೂ ಕರೆಸೋಣವೆಂದು ಹೆಡ್‌ಮಾಸ್ತರರು ಹೇಳಿದರು. ಅಧ್ಯಕ್ಷವ್ವ ಕೂಲಿ ಬಿಟ್ಟು, ಶಾಲೆ ಬಿಟ್ಟ ಹುಡುಗಿಯರ ಮನೆಗಳಿಗೆ ಹೋಗಿ ಅವರನ್ನೇ ಕೈಹಿಡಿದು ಕರೆತಂದರು. ನಳ ತಿರುಗಿಸಿದವರು ಆ ಹುಡುಗಿಯರೇ. ಒಬ್ಬರ ಮೇಲೊಬ್ಬರು ನೀರು ಎರಚಿ ನಕ್ಕರು. ಅಧ್ಯಕ್ಷವ್ವ ಸೆರಗಿನಿಂದ ಮುಖ ಒರೆಸಿಕೊಂಡರು... ನೀರು ಅವರಿಗೂ ಸಿಡಿದಿತ್ತೋ ಏನೋ.

ಹೋದ ವರ್ಷ ಅವರು ತೀರಿಕೊಂಡರು. ನನಗೆ ಸುದ್ದಿ ಮುಟ್ಟಿದ್ದು ಮಣ್ಣಾದ ಮೇಲೆ. ಕಡೆಗೊಮ್ಮೆ ಮುಖ ನೋಡಲಾಗಲಿಲ್ಲ.

ಈಗ ಮಾನ್ವಿಯ ಒಂದು ಶಾಲೆಗೆ ನಾನೇ ಹೆಡ್‌ಮಿಸ್ಟ್ರೆಸ್. ನಾಳೆ ಪಾಲಕರ ಸಭೆ. ಕಂಪೌಂಡ್ ಗೋಡೆಗೆ ದುಡ್ಡು ಹೇಗೆ ಕೂಡಿಸುವುದೆಂದು ಎಲ್ಲರೂ ನನ್ನನ್ನೇ ಕೇಳುತ್ತಾರೆ. ಮೊದಲಾಗಿದ್ದರೆ ಫೋನ್ ಹಚ್ಚಿ ಅಧ್ಯಕ್ಷವ್ವನನ್ನು ಕೇಳುತ್ತಿದ್ದೆ. ಇನ್ನು ನಾನೇ ಹೇಳಬೇಕು. ಆದರೆ ಮೊದಲು, ಅವರು ಅಧ್ಯಕ್ಷರಾಗಿದ್ದ ಶಾಲೆಯಲ್ಲಿ ನಾನು ಟೀಚರ್ ಆಗಿದ್ದೆ ಎಂದು ಹೇಳುತ್ತೇನೆ. ಅದನ್ನು ಹೇಳುವಾಗಲೆಲ್ಲ ನನ್ನ ಬೆನ್ನು ತಾನಾಗಿಯೇ ನೆಟ್ಟಗಾಗುತ್ತದೆ.