ಪೇಟೆ ಮನೆಯ ಹೆರಿಗೆ ಕೋಣೆ

ಪೇಟೆಯ ಆ ಹಳೇ ಮನೆ ನನ್ನ ಹಠ ಮುರಿಯಿತು, ಅಷ್ಟೇ. ಅದನ್ನು ನೋಡಲು ಜೊತೆಗೆ ಬಂದಿದ್ದ ಮೊಮ್ಮಗಳು ರತ್ನಿಯ ಚೊಚ್ಚಲ ಹೆರಿಗೆ ನಮ್ಮೂರು ಹೂಡಿಯ ಮನೆಯಲ್ಲೇ ಆಗಲಿ, ಆಸ್ಪತ್ರೆ ಬೇಡ ಎಂದಿದ್ದೆ. ಯಾರೋ ಸಾಹುಕಾರರು ಬಾಳಿದ ಮನೆಯನ್ನು ಈಗ ಜನ ನೋಡಲೆಂದು ಇಟ್ಟಿದ್ದಾರೆ. ಒಂದೊಂದು ಕಂಬವೂ ನನ್ನ ಎರಡು ತೋಳಿಗೆ ಸಿಗದಷ್ಟು ದಪ್ಪ. ಬಾಯಿ ಬಿಟ್ಟುಕೊಂಡು ನೋಡಿದೆ. ಒಳಕೋಣೆಯ ತೊಲೆಯಿಂದ ಹಗ್ಗವೊಂದು ಇಳಿಬಿದ್ದಿತ್ತು.

"ಇದ್ಯಾಕಜ್ಜಿ, ಉಯ್ಯಾಲೆನಾ?" ಎಂದಳು ರತ್ನಿ.

"ಹೆರೋವಾಗ ಇಡ್ಕೊಳ್ಳಾಕೆ ಕಣೇ, ಪೆದ್ದಿ."

"ಹೌದಜ್ಜಿ," ಎಂದ ಕಾವಲುಗಾರ. "ಈ ಮನೆ ಅಮ್ಮೋರು ಆರು ಹೆತ್ರಂತೆ. ಉಳಿದಿದ್ದು ಒಂದೇ."

ಹಗ್ಗ ಮುಟ್ಟಿದೆ. ಅಂಗೈ ಉಜ್ಜಿ ಉಜ್ಜಿ ಅದರ ಗಂಟು ಕಲ್ಲಿನಂತೆ ನುಣುಪಾಗಿತ್ತು. ಇಂಥ ಮನೆಯಲ್ಲೂ ಐದು ಕೂಸು ಹೋದವು.

ಮರುದಿನ ಬೆಳಗ್ಗೆ ಮೊದಲ ಬಸ್ಸಿಗೆ ರತ್ನಿಯನ್ನು ಹತ್ತಿಸಿಕೊಂಡು ಹೋಗಿ ಹೆರಿಗೆ ಆಸ್ಪತ್ರೆಯಲ್ಲಿ ಹೆಸರು ಬರೆಸಿದೆ.